ಚಂದನ ಯಾರ ಹಣೆಗೆ?

ಗೆಳೆಯರೇ, ಕಾನೂನು ಪುಸ್ತಕಗಳಲ್ಲಿ ನಮ್ಮ ಸುದ್ದಿ ಬರುವುದು ಹೆಚ್ಚಾಗಿ ಎರಡು ಕಡೆ. ಒಂದು ಮೀಸಲಾತಿಯ ಪುಟ, ಇನ್ನೊಂದು ದೌರ್ಜನ್ಯದ ಪುಟ. ಮೂರನೆಯದೊಂದು ಕಡೆಯೂ ಉಂಟು, ಬಹಳ ಮಂದಿಗೆ ಗೊತ್ತಿಲ್ಲ. ಅದು 1990ರ ಪ್ರಸಾರ ಭಾರತಿ ಕಾಯಿದೆಯ 12ನೇ ಕಲಮು. ಆಕಾಶವಾಣಿ, ದೂರದರ್ಶನ ಇರುವುದು ಯಾತಕ್ಕೆ ಎಂದು ಹೇಳುವ ಕಲಮು ಅದು. ಶೋಷಣೆ, ಅಸಮಾನತೆ, ಅಸ್ಪೃಶ್ಯತೆಯಂಥ ಪಿಡುಗುಗಳ ವಿರುದ್ಧ ಹೋರಾಡಬೇಕು, ದುಡಿಯುವ ವರ್ಗದ ಹಕ್ಕು ಕಾಯಬೇಕು, ಬುಡಕಟ್ಟು ಜನರ ಅಗತ್ಯ ನೋಡಬೇಕು, ಹಳ್ಳಿಗಾಡಿನವರ, ಗಡಿನಾಡಿನವರ ಸೇವೆ ಮಾಡಬೇಕು ಎಂದು ಅಲ್ಲಿ ಬರೆದಿದೆ. ನಮ್ಮ ಕರಪತ್ರಕ್ಕಿಂತ ಏನೂ ಕಡಿಮೆಯಿಲ್ಲ. ಅಸ್ಪೃಶ್ಯತೆಯ ವಿರುದ್ಧ ಹೋರಾಡಲಿಕ್ಕೆ ಸರ್ಕಾರಿ ಟಿವಿಗೆ ಪಾರ್ಲಿಮೆಂಟೇ ಅಪ್ಪಣೆ ಕೊಟ್ಟಿದೆ ಮಾರಾಯ್ರೇ! ಆ ಹೋರಾಟವನ್ನು ನೀವು ಯಾವ ದಿನ, ಎಷ್ಟು ಗಂಟೆಗೆ ನೋಡಿದಿರಿ?

ಹೋರಾಟ ಮಾಡಬೇಕಾದವರು ಯಾರು ಎಂದು ಅದೇ ಕಾಯಿದೆಯಲ್ಲಿ ಹುಡುಕಿದೆ. ದೆಹಲಿಯಲ್ಲೊಂದು ಮಂಡಳಿ. ಅಧ್ಯಕ್ಷರೊಬ್ಬರು. ಕಾರ್ಯನಿರ್ವಾಹಕ ಸದಸ್ಯ, ಹಣಕಾಸಿಗೊಬ್ಬ, ಸಿಬ್ಬಂದಿಗೊಬ್ಬ. ಆರು ಮಂದಿ ಅರೆಕಾಲಿಕ ಗಣ್ಯರು. ಆಕಾಶವಾಣಿ, ದೂರದರ್ಶನಗಳ ಇಬ್ಬರು ಮಹಾನಿರ್ದೇಶಕರು, ಸಚಿವಾಲಯದ ಒಬ್ಬ ಪ್ರತಿನಿಧಿ, ನೌಕರರ ಇಬ್ಬರು ಪ್ರತಿನಿಧಿಗಳು. ಮುಖ್ಯ ಕುರ್ಚಿಗಳಿಗೆ ಹೆಸರು ಆರಿಸುವವರು ಮೂವರು: ರಾಜ್ಯಸಭೆಯ ಸಭಾಪತಿ, ಪ್ರೆಸ್ ಕೌನ್ಸಿಲ್ ಅಧ್ಯಕ್ಷ, ರಾಷ್ಟ್ರಪತಿ ನೇಮಿಸುವ ಒಬ್ಬ. ರಾಷ್ಟ್ರಪತಿ ಎಂದರೆ ಮಂತ್ರಿಮಂಡಲದ ಸಲಹೆ, ಅಂದರೆ ಸರ್ಕಾರ. ಇಷ್ಟು ಕುರ್ಚಿಗಳಲ್ಲಿ ರಾಜ್ಯಗಳಿಗೆ ಒಂದು ಕುರ್ಚಿ ಇಲ್ಲ. ದಲಿತನಿಗೆಂದು, ಆದಿವಾಸಿಗೆಂದು, ಬೀಡಿ ಕಟ್ಟುವ ಹೆಂಗಸಿಗೆಂದು ಒಂದು ಮಣೆಯೂ ಇಲ್ಲ. 12ನೇ ಕಲಮಿನಲ್ಲಿ ನಾವು ಉದ್ಧಾರವಾಗಬೇಕಾದವರು. ಮಂಡಳಿಯ ಕಲಮಿನಲ್ಲಿ ನಾವು ಹುಟ್ಟಿಯೇ ಇಲ್ಲ.

ಈ ಕಾಯಿದೆಯಾದರೂ ಸುಲಭಕ್ಕೆ ಬಂತೇ? ಸರ್ಕಾರದ ಮುಷ್ಟಿಯಿಂದ ಬಾನುಲಿ ಬಿಡಿಸಿ ಎಂದು ಚಂದಾ ಸಮಿತಿ 1966ರಲ್ಲೇ ಹೇಳಿತು. ತುರ್ತು ಪರಿಸ್ಥಿತಿಯಲ್ಲಿ ರೇಡಿಯೋ ಸರ್ಕಾರದ ತುತ್ತೂರಿಯಾದದ್ದನ್ನು ದೇಶ ಕಂಡ ಮೇಲೆ ವರ್ಗೀಸ್ ಸಮಿತಿ 1978ರಲ್ಲಿ ಅದನ್ನೇ ಇನ್ನೂ ಗಟ್ಟಿಯಾಗಿ ಹೇಳಿತು. 1990ರಲ್ಲಿ ಕಾಯಿದೆ ಪಾಸಾಯಿತು, ಏಳು ವರ್ಷ ಪೆಟ್ಟಿಗೆಯಲ್ಲಿ ಮಲಗಿತು. ನಡುವೆ 1995ರಲ್ಲಿ ಸುಪ್ರೀಂ ಕೋರ್ಟು ಕ್ರಿಕೆಟ್ ಪ್ರಸಾರದ ಮೊಕದ್ದಮೆಯಲ್ಲಿ ತೀರ್ಪು ಕೊಟ್ಟಿತು: ಪ್ರಸಾರದ ಅಲೆಗಳು ಸಾರ್ವಜನಿಕ ಆಸ್ತಿ. ಗಾಳಿ ನಮ್ಮದು ಎಂದು ಹೇಳಲಿಕ್ಕೆ ಕ್ರಿಕೆಟ್ ಬೇಕಾಯಿತು ನೋಡಿ. 1997ರಲ್ಲಿ ಪ್ರಸಾರ ಭಾರತಿ ಹುಟ್ಟಿತು. ಅದರ ಮೇಲೆ ಕಣ್ಣಿಡಲು 22 ಸಂಸದರ ಸಮಿತಿಯೊಂದು ಕಾಯಿದೆಯಲ್ಲೇ ಇದೆ. ಅದನ್ನು ರಚಿಸಿ ಎಂದು ಪಿತ್ರೋಡಾ ಸಮಿತಿ 2014ರಲ್ಲಿ ಶಿಫಾರಸು ಮಾಡಬೇಕಾಯಿತು! ಹದಿನೇಳು ವರ್ಷ ಕಾವಲುಗಾರನಿಲ್ಲದ ಗದ್ದೆ.

ಪ್ರಾದೇಶಿಕ ಕೇಂದ್ರಗಳ ಸ್ವಾತಂತ್ರ್ಯ ಎಷ್ಟು ಎಂಬುದು 2017ರ ಆಗಸ್ಟ್ 15ರಂದು ತ್ರಿಪುರದಲ್ಲಿ ಬಯಲಾಯಿತು. ಮುಖ್ಯಮಂತ್ರಿ ಮಾಣಿಕ್ ಸರ್ಕಾರ್ ಅವರ ಸ್ವಾತಂತ್ರ್ಯೋತ್ಸವ ಭಾಷಣವನ್ನು ತಿದ್ದಿಕೊಡದೆ ಪ್ರಸಾರ ಮಾಡುವುದಿಲ್ಲ ಎಂದರು. ಅವರು ತಿದ್ದಲಿಲ್ಲ, ಭಾಷಣ ಬರಲಿಲ್ಲ. ಜನ ಆರಿಸಿದ ಮುಖ್ಯಮಂತ್ರಿಯ ಗತಿ ಇದಾದರೆ ಕಾಲನಿಯ ಹುಡುಗನ ಮಾತನ್ನು ಯಾರು ಕೇಳುತ್ತಾರೆ? ನಾನೇ ಒಂದು ಸ್ಟುಡಿಯೋಕ್ಕೆ ಕವಿತೆ ಓದಲು ಹೋಗಿದ್ದೆ. ‘ಎಂಜಲೆಲೆ’ ಎಂಬ ಶಬ್ದ ತೆಗೆಯಬಹುದಾ, ಕೇಳುವವರ ಭಾವನೆಗೆ ನೋವಾಗ್ತದೆ ಅಂದರು. ಎಂಜಲೆಲೆಯ ಮೇಲೆ ಉರುಳಿದವರ ಭಾವನೆ ಯಾವ ಕಡತದಲ್ಲಿ ಉಂಟು ಅಂತ ಕೇಳಿದೆ. ಆ ಮನುಷ್ಯ ಕೆಟ್ಟವನಲ್ಲ. ಮೇಲಿನವರ ಭಯ ಅವನಿಗೆ.

ಇನ್ನು ನಮ್ಮ ಚಂದನಕ್ಕೆ ಬರೋಣ. ಕರ್ನಾಟಕದಲ್ಲಿ ದೂರದರ್ಶನ ಕಾರ್ಯಕ್ರಮ ತಯಾರಿಸುವುದು ಬೆಂಗಳೂರು, ಕಲಬುರಗಿಗಳಲ್ಲಿ. ಕಲಬುರಗಿಗೆ ಬಂದದ್ದೂ 1975-76ರಲ್ಲಿ ಉಪಗ್ರಹದಿಂದ ಹಳ್ಳಿಗಳಿಗೆ ಪಾಠ ಕಳಿಸಿದ ಪ್ರಯೋಗದ ಬೆನ್ನಿಗೆ. ಮಂಗಳೂರಿಗೆ ಸಿಕ್ಕಿದ್ದು ಮರುಪ್ರಸಾರದ ಗೋಪುರ ಮಾತ್ರ. ಎಲ್ಲೋ ಆಡಿದ ಮಾತನ್ನು ನಮ್ಮ ತಲೆಗೆ ದಾಟಿಸುವ ಕಬ್ಬಿಣ. ನಮ್ಮ ಬಾಯಿಂದ ಒಂದು ಮಾತು ಆಚೆಗೆ ಹೋಗುವ ದಾರಿ ಅದರಲ್ಲಿರಲಿಲ್ಲ. 1976ರಲ್ಲಿ ಬಂದ ಮಂಗಳೂರು ಆಕಾಶವಾಣಿ ಈ ವಿಷಯದಲ್ಲಿ ಎಷ್ಟೋ ವಾಸಿ. ಕದ್ರಿ ಗುಡ್ಡದಿಂದ ತುಳು, ಕೊಂಕಣಿ ಕೇಳಿಸಿತು. ಟಿವಿಗೆ ಮಾತ್ರ ನಾವು ದೃಶ್ಯ. ಭೂತಕೋಲ ತೋರಿಸುತ್ತಾರೆ. ಕೋಲ ಕಟ್ಟುವ ನಲಿಕೆಯವನಿಗೆ, ಪರವನಿಗೆ, ಪಂಬದನಿಗೆ ಬಣ್ಣ ತೊಳೆದ ಮೇಲೆ ಅದೇ ಮನೆಯ ಜಗಲಿಯಲ್ಲಿ ಜಾಗ ಎಲ್ಲಿ ಎಂದು ಕೇಳುವುದಿಲ್ಲ. ಕೊರಗರ ಡೋಲು ‘ಜಾನಪದ ವೈಭವ’ ಆಗ್ತದೆ. ಅದೇ ಡೋಲು ಹಿಡಿಸಿ ಕಂಬಳದ ಹಿಂದಿನ ರಾತ್ರಿ ಇಬ್ಬನಿಯಲ್ಲಿ ಕೂರಿಸಿದ ಚರಿತ್ರೆ, ಅಜಲು ಪದ್ಧತಿ ನಿಷೇಧಿಸಲು 2000ದಲ್ಲಿ ಕಾಯಿದೆಯನ್ನೇ ತರಬೇಕಾದ ಚರಿತ್ರೆ, ಅದು ವೈಭವ ಅಲ್ಲವಲ್ಲ! ಕೊರಗ ಹೆಣ್ಣುಮಗಳು ಕ್ಯಾಮೆರಾದ ಹಿಂದೆ ನಿಂತಿದ್ದರೆ ಏನು ತೋರಿಸುತ್ತಿದ್ದಳು? ನನಗೆ ಬೇಕಾದ ಟಿವಿ ಅದು.

ಈಗ ಹಣದ ಮಾತು. ಮೊದಲು ರೇಡಿಯೋ, ಟಿವಿಗೆ ಅಂಚೆ ಕಚೇರಿಯಲ್ಲಿ ಲೈಸೆನ್ಸ್ ಹಣ ಕಟ್ಟಬೇಕಿತ್ತು. 1985ರಲ್ಲಿ ಅದನ್ನು ತೆಗೆದರು. ಬಡವನಿಗೆ ಹಗುರವಾಯಿತು, ಸರಿ. ಆದರೆ ಹಣ ನಿಂತಿತೇ? ಪ್ರಸಾರ ಭಾರತಿಯ ನೌಕರರ ಸಂಬಳ ಬರುವುದು ಕೇಂದ್ರದ ಅನುದಾನದಿಂದ, ವರ್ಷಕ್ಕೆ ಸಾವಿರಾರು ಕೋಟಿ. 2023ರ ಜನವರಿಯಲ್ಲಿ ಯಂತ್ರೋಪಕರಣ, ಟ್ರಾನ್ಸ್‌ಮಿಟರ್, ಉಚಿತ ಡಿಶ್‌ಗಳಿಗೆಂದು 2,539 ಕೋಟಿ ರೂಪಾಯಿಯ ಯೋಜನೆಯೂ ಮಂಜೂರಾಯಿತು. ಉಳಿದ ಖರ್ಚಿಗೆ ಜಾಹೀರಾತು, ಖಾಸಗಿ ಚಾನೆಲ್‌ಗಳಿಗೆ ಹರಾಜು ಹಾಕಿದ ಡಿಶ್ ಜಾಗ. ಅನುದಾನ ಎಂದರೆ ಯಾರಪ್ಪನ ಮನೆಯ ಗಂಟು? ಬೀಡಿ ಕಟ್ಟುವ ಅಕ್ಕ ಸಾಬೂನು ಕೊಂಡಾಗ ಕೊಟ್ಟ ತೆರಿಗೆಯೂ ಅದರಲ್ಲಿದೆ. ಆಗ ಕೈಯಲ್ಲಿ ಒಂದು ರಸೀದಿಯಾದರೂ ಇತ್ತು, ಈಗ ಅದೂ ಇಲ್ಲ. ನಮ್ಮ ತೆರಿಗೆ ಸಚಿವಾಲಯದ ಕೈ ಸೇರಿ ಅವರ ದಾನವಾಗಿ ಹೊರಬರುತ್ತದೆ. ವರ್ಷ ವರ್ಷ ಕೈಚಾಚುವ ಸಂಸ್ಥೆ ಕೊಡುವವನ ಎದುರು ನೆಟ್ಟಗೆ ನಿಲ್ಲುತ್ತದೆಯೇ? ಜೀತದ ಲೆಕ್ಕ ಗೊತ್ತಿರುವ ನಮಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ.

ದೂರದರ್ಶನವನ್ನು ಈಗ ಯಾರು ನೋಡ್ತಾರೆ, ಮುಚ್ಚಲಿ ಬಿಡಿ ಎನ್ನುವ ಪ್ರಗತಿಪರ ಮಿತ್ರರಿದ್ದಾರೆ. ಅವರಿಗೆ 2020ರ ಜುಲೈ ನೆನಪಿಸುತ್ತೇನೆ. ಕೊರೋನಾ ಬಂದು ಶಾಲೆ ಮುಚ್ಚಿತ್ತು. ಪಟ್ಟಣದ ಮಕ್ಕಳ ಪಾಠ ಫೋನಿಗೆ ಬಂತು, 8, 9, 10ನೇ ತರಗತಿಯ ಸರ್ಕಾರಿ ಶಾಲೆಯ ಮಕ್ಕಳ ಪಾಠ ಚಂದನಕ್ಕೆ ಬಂತು. ಗದಗ ಜಿಲ್ಲೆಯ ತಾಯಿಯೊಬ್ಬಳು ಮಕ್ಕಳಿಗೆ ಆ ಪಾಠ ತೋರಿಸಲು ಮಾಂಗಲ್ಯ ಅಡವಿಟ್ಟು ಟಿವಿ ತಂದಳು. ನೋಡುವವರು ಯಾರು ಎಂದು ಇನ್ನು ಕೇಳಬೇಡಿ. 2002ರಿಂದ ‘ಥಟ್ ಅಂತ ಹೇಳಿ’ಯಲ್ಲಿ ಕನ್ನಡ ಪುಸ್ತಕವನ್ನೇ ಬಹುಮಾನ ಕೊಟ್ಟ ಚಾನೆಲ್ಲೂ ಇದೇ. ಜಾಹೀರಾತು ಹುಟ್ಟದ ಕಡೆ ಖಾಸಗಿಯವನು ಒಂದು ಗಂಟೆ ನಿಲ್ಲುವುದಿಲ್ಲ. 2022ರ ಹೊತ್ತಿಗೆ ದೇಶದ ಬಹುಪಾಲು ಹಳೆಯ ಟ್ರಾನ್ಸ್‌ಮಿಟರ್‌ಗಳನ್ನು ಮುಚ್ಚಿದರು. ಆಂಟೆನಾ ಏರಿಸಿ ಕಾಸಿಲ್ಲದೆ ನೋಡುವ ಕಾಲ ಹೋಯಿತು. ಉಚಿತ ಡಿಶ್‌ಗೆ ತಿಂಗಳ ಬಾಡಿಗೆ ಇಲ್ಲ ನಿಜ, ಬುಟ್ಟಿ ಮತ್ತು ಪೆಟ್ಟಿಗೆಯನ್ನು ಮಾತ್ರ ಕೊಳ್ಳಲೇಬೇಕು.

ಇನ್ನೊಂದು ಗುಂಪು ‘ಸ್ವಾಯತ್ತತೆ’ ಎನ್ನುತ್ತದೆ. ಸೆಮಿನಾರುಗಳಲ್ಲಿ ಕೇಳಿ ಕೇಳಿ ಕಿವಿ ದಣಿದಿದೆ. ಯಾರ ಸ್ವಾಯತ್ತತೆ ಸ್ವಾಮಿ? ಅಗ್ರಹಾರಗಳೂ ಸ್ವಾಯತ್ತವಾಗಿದ್ದವು! ಮಂತ್ರಿಯ ಕೈ ತಪ್ಪಿಸಿ ನಾಲ್ಕು ಮೇಲ್ಜಾತಿ ಗಣ್ಯರ ಕೈಗೆ ಕೊಡುವುದು ನಮಗೆ ಬಿಡುಗಡೆಯಲ್ಲ. ಜರ್ಮನಿಯಲ್ಲಿ ಸಾರ್ವಜನಿಕ ಪ್ರಸಾರದ ಸಮಿತಿಗಳಲ್ಲಿ ಕಾರ್ಮಿಕ ಸಂಘಗಳಿಗೆ ಕುರ್ಚಿ ಉಂಟು. ಸರ್ಕಾರದ ಕಡೆಯವರು ಮೂರನೆಯ ಒಂದು ಪಾಲಿಗಿಂತ ಹೆಚ್ಚಿರಬಾರದು ಎಂದು ಅಲ್ಲಿನ ಸಂವಿಧಾನ ನ್ಯಾಯಾಲಯ 2014ರಲ್ಲಿ ಹೇಳಿತು. ಬ್ರಿಟನ್ನಿನ ವೇಲ್ಸ್ ನಾಡಿನ ಕಥೆ ನಮಗೆ ಇನ್ನೂ ಹತ್ತಿರ. ವೆಲ್ಶ್ ಭಾಷೆಯ ಚಾನೆಲ್ ಕೊಡುತ್ತೇವೆಂದು ಹೇಳಿ ಸರ್ಕಾರ ಕೈಕೊಟ್ಟಾಗ ಜನ ಟಿವಿ ಲೈಸೆನ್ಸ್ ಹಣ ಕಟ್ಟುವುದಿಲ್ಲ ಎಂದರು. 1980ರಲ್ಲಿ ಗ್ವಿನ್‌ಫೋರ್ ಇವಾನ್ಸ್ ಎಂಬ ನಾಯಕ ಸಾಯುವ ತನಕ ಉಪವಾಸ ಕೂರುತ್ತೇನೆ ಎಂದು ಘೋಷಿಸಿದ. ಥ್ಯಾಚರ್ ಸರ್ಕಾರ ಬಗ್ಗಿತು, 1982ರ ನವೆಂಬರ್ 1ರಂದು, ನಮ್ಮ ರಾಜ್ಯೋತ್ಸವದ ದಿನವೇ, ಚಾನೆಲ್ ಶುರುವಾಯಿತು. ಅಲ್ಲಿ ಆ ಭಾಷೆ ಆಡುವವರು ಐದು ಲಕ್ಷದಷ್ಟು. 2011ರ ಜನಗಣತಿಯಲ್ಲಿ ತುಳು ಆಡುವವರು 18 ಲಕ್ಷಕ್ಕೂ ಮೇಲೆ. ಕೊರಗ ಭಾಷೆಯನ್ನು ಕೇಳುವವರೇ ಇಲ್ಲ.

ಚಂದನಕ್ಕೆ ರಾಜ್ಯಮಟ್ಟದ ಮಂಡಳಿ ಬೇಕು. ಅದರಲ್ಲಿ ದಲಿತರಿಗೆ, ಆದಿವಾಸಿಗಳಿಗೆ, ಕಾರ್ಮಿಕರಿಗೆ, ಸಣ್ಣ ಭಾಷೆಗಳಿಗೆ ಕಾನೂನಿನಿಂದಲೇ ಕುರ್ಚಿ ಇರಬೇಕು, ಕೃಪೆಯಿಂದಲ್ಲ. ಅನುದಾನದಲ್ಲಿ ಕನ್ನಡದ ಪಾಲು ಇಷ್ಟು ಎಂದು ಗೊತ್ತುಮಾಡಿ, ಮಂತ್ರಿಯ ಸಹಿಗೆ ಕಾಯದೆ ಆ ಮಂಡಳಿಗೆ ಬರಬೇಕು. ಮಂಗಳೂರಿಗೆ ಒಂದು ಸ್ಟುಡಿಯೋ ಬೇಕು. ತುಳು, ಬ್ಯಾರಿ, ಕೊರಗ ಭಾಷೆಗಳಲ್ಲಿ ಕಾರ್ಯಕ್ರಮ ಮಾಡುವ, ಕಾಸರಗೋಡಿನ ಕನ್ನಡಿಗರ ಗೋಳನ್ನೂ ಕೇಳುವ ಸ್ಟುಡಿಯೋ.

ಹಳ್ಳಿಯ ಮೇಷ್ಟ್ರುಗಳೇ, ಕಾಲೇಜಿನ ಗೆಳೆಯರೇ, ಸದ್ಯಕ್ಕೆ ಒಂದು ಕೆಲಸ ಮಾಡೋಣ. ಪ್ರಸಾರ ಭಾರತಿ ಮಾಹಿತಿ ಹಕ್ಕಿನ ಕೆಳಗೆ ಬರುತ್ತದೆ, ಅರ್ಜಿಗೆ ಹತ್ತು ರೂಪಾಯಿ. ಮೂರು ಪ್ರಶ್ನೆ ಬರೆಯಿರಿ. 1997ರಿಂದ ಈವರೆಗೆ ಮಂಡಳಿಯಲ್ಲಿ ಕೂತ ಪರಿಶಿಷ್ಟ ಜಾತಿ, ಪಂಗಡದವರು ಎಷ್ಟು ಮಂದಿ? ಚಂದನಕ್ಕೆ ಹೋದ ವರ್ಷ ಕಾರ್ಯಕ್ರಮ ತಯಾರಿಕೆಗೆಂದೇ ಕೊಟ್ಟ ಹಣ ಎಷ್ಟು? ಅಸ್ಪೃಶ್ಯತೆಯ ವಿರುದ್ಧ ಪ್ರಸಾರವಾದ ಕಾರ್ಯಕ್ರಮಗಳು ಯಾವುವು, ತಾರೀಖು, ಸಮಯದ ಸಮೇತ? ಉತ್ತರ ಬಂದರೂ, ಬಾರದಿದ್ದರೂ ಅರ್ಜಿಯ ಪ್ರತಿಯನ್ನು ಈ ಪತ್ರಿಕೆಗೆ ಕಳಿಸಿ.