ಬೆಳಕನ್ನು ಅಳೆದಿರಿ, ಗದ್ದಲವನ್ನೂ ಅಳೆಯಿರಿ

ಭಾರತೀಯ ಮಾನಕ ಬ್ಯೂರೋದ ಮಹಾನಿರ್ದೇಶಕರಿಗೊಂದು ಬಹಿರಂಗ ಪತ್ರ

ಮಾನ್ಯರೇ,

ಮಧ್ಯಮ ತರಂಗದಲ್ಲಿ ಬೆಂಗಳೂರು ಆಕಾಶವಾಣಿಯ ಜಾಗ 612 ಕಿಲೋಹರ್ಟ್ಸ್, ಧಾರವಾಡದ್ದು 765. ಸಂಜೆ ರೇಡಿಯೊ ಹಚ್ಚಿದರೆ ಎಷ್ಟೋ ಮನೆಗಳಲ್ಲಿ ವಾರ್ತೆಗಿಂತ ಮೊದಲು ಕೇಳುವುದು ಗರಗರ ಸದ್ದು. ಜನ ಆಕಾಶವಾಣಿಯನ್ನು ಬೈದು ಸುಮ್ಮನಾಗುತ್ತಾರೆ. ತಲೆಯ ಮೇಲಿನ ಎಲ್‌ಇಡಿ ಬಲ್ಬನ್ನು ಒಮ್ಮೆ ಆರಿಸಿ ನೋಡಿದರೆ ಕೆಲವೊಮ್ಮೆ ಅಲ್ಲೇ ಕಳ್ಳ ಸಿಕ್ಕಿಬೀಳುತ್ತಾನೆ.

ಬಲ್ಬಿನೊಳಗಿನ ಡ್ರೈವರ್ ಸರ್ಕ್ಯೂಟ್ ಕರೆಂಟನ್ನು ಸೆಕೆಂಡಿಗೆ ಹತ್ತಾರು ಸಾವಿರ ಸಲ ಕಡಿದು ಜೋಡಿಸುತ್ತದೆ. ಅದರಿಂದೇಳುವ ಕಂಪನಗಳು ಮಧ್ಯಮ ತರಂಗದವರೆಗೂ, ಅದರಾಚೆಗೂ ಚಾಚುತ್ತವೆ. ತಡೆಯಲು ಒಂದು ಪುಟ್ಟ ಕಾಯಿಲ್, ಒಂದೆರಡು ಕೆಪಾಸಿಟರ್ ಇರುವ ಫಿಲ್ಟರ್ ಬೇಕು. ಅಗ್ಗದ ಬಲ್ಬಿನಲ್ಲಿ ಅದಕ್ಕೇ ಕತ್ತರಿ. ಆಮೇಲೆ ಗೋಡೆಯ ವೈರಿಂಗೇ ಆಂಟೆನಾ.

ಇದನ್ನು ಅಳೆಯುವ ವಿದ್ಯೆ ಹೊಸದೇನಲ್ಲ. ರೇಡಿಯೊ ಅಡಚಣೆಯ ಮಿತಿ ಗೊತ್ತುಪಡಿಸಲೆಂದೇ ಸಿಸ್ಪರ್ ಎಂಬ ಅಂತರರಾಷ್ಟ್ರೀಯ ಸಮಿತಿ 1934ರಲ್ಲಿ ಹುಟ್ಟಿತು. 612 ಕಿಲೋಹರ್ಟ್ಸ್ ಅಲೆಯ ಉದ್ದ ಸುಮಾರು 490 ಮೀಟರ್. ಬಲ್ಬಿನಿಂದ ಒಂದೆರಡು ಮೀಟರ್ ದೂರದಲ್ಲಿ ವಿದ್ಯುತ್ ಕ್ಷೇತ್ರಕ್ಕೂ ಕಾಂತಕ್ಷೇತ್ರಕ್ಕೂ ನಿಶ್ಚಿತ ಅನುಪಾತ ಇರುವುದಿಲ್ಲ. ಒಂದನ್ನು ಅಳೆದು ಇನ್ನೊಂದನ್ನು ಲೆಕ್ಕ ಹಾಕುವಂತಿಲ್ಲ. ಹಾಗಾಗಿ 30 ಮೆಗಾಹರ್ಟ್ಸ್‌ಗಿಂತ ಕೆಳಗೆ ಲೂಪ್ ಆಂಟೆನಾ ಹಿಡಿದು ಕಾಂತಕ್ಷೇತ್ರವನ್ನೇ ಅಳೆಯುತ್ತಾರೆ. ದೀಪಗಳಿಗಾಗಿ ಇರುವ ಸಿಸ್ಪರ್ 15 ಮಾನಕದ ಒಂದು ವಿಧಾನದಲ್ಲಿ, 2 ಮೀಟರ್ ವ್ಯಾಸದ ಮೂರು ಲೂಪ್‌ಗಳ ನಡುವೆ ದೀಪವನ್ನಿಟ್ಟು ಮೂರೂ ದಿಕ್ಕಿನ ಕ್ಷೇತ್ರವನ್ನು ದಾಖಲಿಸುತ್ತಾರೆ. ರಿಸೀವರಿನ ಕ್ವಾಸಿ-ಪೀಕ್ ಡಿಟೆಕ್ಟರ್ ಅಪರೂಪದ ಮಿಡಿತಕ್ಕೆ ಕಡಿಮೆ, ಪದೇ ಪದೇ ಬರುವ ಮಿಡಿತಕ್ಕೆ ಹೆಚ್ಚು ತೂಕ ಕೊಡುತ್ತದೆ. ಕೇಳುಗನ ಕಿವಿಗಾಗುವ ಕಿರಿಕಿರಿಯೂ ಅದೇ ಬಗೆಯದು.

ಅಳತೆಯ ಉಪಕರಣ ಪ್ರಯೋಗಾಲಯ ಬಿಟ್ಟು ಊರಿಗೆ ಬಂದರೆ ಏನಾಗುತ್ತದೆ ಎಂಬುದಕ್ಕೆ ವೇಲ್ಸ್‌ನ ಅಬರ್‌ಹೊಸಾನ್ ಹಳ್ಳಿ ಸಾಕ್ಷಿ. ಅಲ್ಲಿ 18 ತಿಂಗಳು ದಿನಾ ಬೆಳಿಗ್ಗೆ 7ಕ್ಕೆ ಬ್ರಾಡ್‌ಬ್ಯಾಂಡ್ ಕುಸಿಯುತ್ತಿತ್ತು. ಕೇಬಲ್ ಬದಲಿಸಿದರೂ ಗುಣ ಕಾಣಲಿಲ್ಲ. ಕೊನೆಗೆ 2020ರಲ್ಲಿ ಎಂಜಿನಿಯರುಗಳು ಸ್ಪೆಕ್ಟ್ರಮ್ ಅನಲೈಸರ್ ಹಿಡಿದು ಬೆಳಗಿನ ಮಳೆಯಲ್ಲೇ ಊರು ಸುತ್ತಿದರು. ಸಿಕ್ಕಿದ್ದು, ಹಚ್ಚಿದಾಗಲೆಲ್ಲ ಇಂಥದೇ ಗದ್ದಲ ಹೊಮ್ಮಿಸುತ್ತಿದ್ದ ಒಂದು ಮನೆಯ ಹಳೆಯ ಟಿವಿ.

ನಮ್ಮಲ್ಲಿ ಎಲ್‌ಇಡಿ ಬಲ್ಬಿನ ಕಡ್ಡಾಯ ನೋಂದಣಿಗೆ ಆಧಾರವಾದ ಐಎಸ್ 16102ರ ಮೊದಲ ಭಾಗ ನೋಡುವುದು ಸುರಕ್ಷತೆಯನ್ನು. ನಕ್ಷತ್ರದ ಗುರುತು ಹೇಳುವುದು ವ್ಯಾಟಿಗೆ ಎಷ್ಟು ಬೆಳಕು ಎಂಬುದನ್ನು. ರೇಡಿಯೊ ಗದ್ದಲದ ಬಗ್ಗೆ ಎರಡೂ ಮೌನ. 2015ರಲ್ಲಿ ಶುರುವಾದ ಉಜಾಲಾ ಯೋಜನೆಯೊಂದರಲ್ಲೇ 36 ಕೋಟಿಗೂ ಹೆಚ್ಚು ಬಲ್ಬುಗಳು ಮನೆ ಸೇರಿವೆ. ವಿದ್ಯುತ್ ಉಳಿತಾಯವೂ ಆಗಿದೆ, ಅದನ್ನು ಯಾರೂ ಅಲ್ಲಗಳೆಯುವುದಿಲ್ಲ.

ಆದರೆ ಉಳಿತಾಯದ ಜೊತೆಗೆ ಗದ್ದಲವನ್ನೂ ನೋಡಬೇಕು. ಆದ್ದರಿಂದ ತಮ್ಮಲ್ಲಿ ಮೂರು ಮನವಿ. ಗದ್ದಲದ ಮಿತಿಯನ್ನೂ ನೋಂದಣಿಯ ಷರತ್ತಾಗಿಸಿ. ಕಂಪನಿ ಆರಿಸಿ ಕಳಿಸಿದ ಮಾದರಿಯನ್ನಲ್ಲ, ಅಂಗಡಿಯಲ್ಲಿ ಕೊಂಡ ಬಲ್ಬನ್ನು ಪರೀಕ್ಷಿಸಿ. ಬಂದ ಅಂಕಿಅಂಶಗಳನ್ನು ಬಲ್ಬಿನ ಮಾದರಿಯ ಹೆಸರಿನೊಂದಿಗೆ ಎಲ್ಲರೂ ನೋಡುವಂತೆ ಪ್ರಕಟಿಸಿ.

ಇಂತಿ,
ಆಕಾಶವಾಣಿಯ ಕೇಳುಗ