ಸಂಜೆ ಕಾಫಿಯ ಪರ ವಾದಿಸುವವರಿಗೆ

ಮಧ್ಯಾಹ್ನ ಎರಡರ ಮೇಲೆ ಕಾಫಿ, ಟೀ ಬೇಡ ಎಂಬುದು ನನ್ನ ವಾದ. ಬೆಳಗಿನ ಕಾಫಿಯ ತಂಟೆಗೆ ನಾನು ಹೋಗಿಲ್ಲ, ಹೋಗುವುದೂ ಇಲ್ಲ. ಆದರೂ ಈ ಮಾತು ಆಡಿದಾಗಲೆಲ್ಲ ನಾಲ್ಕು ಕಡೆಯಿಂದ ಎದುರುತ್ತರ ಬರುತ್ತದೆ. ಅವಕ್ಕೆ ಸರಿಯಾಗಿ ಉತ್ತರ ಕೊಡಬೇಕಾದದ್ದು ನನ್ನ ಹೊಣೆ.

"ರಾತ್ರಿ ಊಟ ಮಾಡಿ ಕಾಫಿ ಕುಡಿದರೂ ಐದು ನಿಮಿಷಕ್ಕೆ ಗೊರಕೆ ಹೊಡೀತೀನಿ" ಎನ್ನುವವರೇ ಹೆಚ್ಚು. ಅವರ ಮಾತನ್ನು ನಂಬುತ್ತೇನೆ. ಆದರೆ ಬೇಗ ಕಣ್ಣು ಹತ್ತಿದ ಮಾತ್ರಕ್ಕೆ ರಾತ್ರಿಯಿಡೀ ನಿದ್ದೆ ಚೆನ್ನಾಗಿ ಆಯಿತೆಂದು ಹೇಳಲಾಗದು. ನಾವು ಎಚ್ಚರವಿರುವಷ್ಟು ಹೊತ್ತೂ ಮೆದುಳಿನಲ್ಲಿ ಅಡೆನೊಸಿನ್ ಎಂಬ ರಾಸಾಯನಿಕ ಕೂಡಿಕೊಳ್ಳುತ್ತಾ ಹೋಗುತ್ತದೆ. ಅದು ತನ್ನ ಗ್ರಾಹಕಗಳಲ್ಲಿ ಹೋಗಿ ಕೂತಾಗ ಮಂಪರು ಕವಿಯುತ್ತದೆ. ಕೆಫೀನ್ ಆ ಜಾಗವನ್ನು ತಾನು ಹಿಡಿದುಕೊಳ್ಳುತ್ತದೆ. ದಣಿವು ಇದ್ದಲ್ಲೇ ಇರುತ್ತದೆ, ಅದರ ಸುದ್ದಿ ಮಾತ್ರ ತಲುಪುವುದಿಲ್ಲ. ದಣಿವು ವಿಪರೀತವಾಗಿದ್ದರೆ ಕೆಫೀನನ್ನೂ ಮೀರಿ ಕಣ್ಣು ಮುಚ್ಚೀತು. ಹಾಗೆ ಬಂದ ನಿದ್ದೆಯಲ್ಲಿ ಗಾಢ ನಿದ್ದೆಯ ಪಾಲು ಕಡಿಮೆ. 2013ರಲ್ಲಿ ಪ್ರಕಟವಾದ ಅಮೆರಿಕದ ಅಧ್ಯಯನವೊಂದರಲ್ಲಿ, ಮಲಗುವ ಆರು ಗಂಟೆ ಮೊದಲು 400 ಮಿಲಿಗ್ರಾಂ ಕೆಫೀನ್ ತೆಗೆದುಕೊಂಡವರ ನಿದ್ದೆ ಒಂದು ಗಂಟೆಗೂ ಹೆಚ್ಚು ಕಡಿಮೆಯಾಗಿತ್ತು. ಅದು ಉಪಕರಣದ ಅಳತೆಗೆ ಸಿಕ್ಕ ಲೆಕ್ಕ. ಅವರೇ ಬರೆದುಕೊಂಡ ನಿದ್ದೆಯ ದಿನಚರಿಯಲ್ಲಿ ಈ ನಷ್ಟ ಅಷ್ಟು ಸ್ಪಷ್ಟವಾಗಿ ಕಾಣಲಿಲ್ಲ. "ನನಗೇನೂ ಆಗಲ್ಲ" ಎಂಬ ಭರವಸೆಯನ್ನು ನಾನು ಒಪ್ಪದಿರುವುದು ಇದಕ್ಕೇ.

"ಅಷ್ಟೊಂದು ಯಾರು ಕುಡೀತಾರೆ? ನಂದು ಬರೀ ಬೈಟು" ಎಂಬ ಆಕ್ಷೇಪದಲ್ಲಿ ನ್ಯಾಯವಿದೆ. 400 ಮಿಲಿಗ್ರಾಂ ದೊಡ್ಡ ಪ್ರಮಾಣವೇ. ಆದರೆ ಕೆಫೀನ್ ದೇಹದಲ್ಲಿ ಅರ್ಧಕ್ಕೆ ಇಳಿಯಲು ಸುಮಾರು ಐದು ಗಂಟೆ ಬೇಕು. ಸಂಜೆ ಆರಕ್ಕೆ 100 ಮಿಲಿಗ್ರಾಂ ಒಳಗೆ ಹೋದರೆ ರಾತ್ರಿ ಹನ್ನೊಂದಕ್ಕೆ 50 ಉಳಿದಿರುತ್ತದೆ, ಬೆಳಗಿನ ಜಾವ ನಾಲ್ಕಕ್ಕೂ 25. ಹತ್ತೂವರೆಯ ಬೈಟು, ಊಟದ ಮೇಲಿನ ಬೈಟು, ಆಫೀಸು ಬಿಡುವಾಗಿನ ಬೈಟು ಎಲ್ಲದರ ಉಳಿಕೆಯೂ ಇದಕ್ಕೆ ಸೇರುತ್ತದೆ.

ಚಿಕೋರಿಯ ವಾದವೂ ಇದೆ. ಚಿಕೋರಿ ಬೇರಿನಲ್ಲಿ ಕೆಫೀನ್ ಇಲ್ಲ ಎಂಬುದು ನಿಜ. ಆದರೆ ಚಿಕೋರಿ ಬೆರೆಸಿ ಮಾರುವ ಪುಡಿಯಲ್ಲೂ ಕಾಫಿ ಶೇ. 51ಕ್ಕಿಂತ ಕಡಿಮೆ ಇರಬಾರದೆಂಬ ನಿಯಮವಿದೆ. ಆ ಕಾಫಿಯಲ್ಲಿ ರೊಬಸ್ಟಾ ಇದ್ದರೆ, ಅರೇಬಿಕಾಕ್ಕಿಂತ ಹೆಚ್ಚುಕಡಿಮೆ ಎರಡರಷ್ಟು ಕೆಫೀನ್. ಹಾಲು ಜಾಸ್ತಿ ಹಾಕಿದರೆ ಕಹಿ ತಗ್ಗುತ್ತದೆ, ಡಿಕಾಕ್ಷನ್‌ನಲ್ಲಿದ್ದ ಕೆಫೀನ್ ಹಾಗೇ ಇರುತ್ತದೆ.

"ನಮ್ಮ ತಾತ ಮಲಗುವ ಮುಂಚೆ ಕಾಫಿ ಕುಡಿದೇ ತೊಂಬತ್ತು ವರ್ಷ ಬಾಳಿದರು." ಬಾಳಿರಬಹುದು. ಕೆಫೀನನ್ನು ಕರಗಿಸುವುದು ಯಕೃತ್ತಿನ ಒಂದು ಕಿಣ್ವ. ಅದರ ವೇಗ ಎಲ್ಲರಲ್ಲೂ ಒಂದೇ ಅಲ್ಲ. ಬೀಡಿ, ಸಿಗರೇಟು ಸೇದುವವರಲ್ಲಿ ಅದು ಚುರುಕು. ಗರ್ಭನಿರೋಧಕ ಮಾತ್ರೆ ನುಂಗುವವರಲ್ಲಿ ನಿಧಾನ, ತುಂಬು ಗರ್ಭಿಣಿಯರಲ್ಲಿ ಇನ್ನೂ ನಿಧಾನ. ತಾತನ ದೇಹಕ್ಕೆ ಒಗ್ಗಿದ್ದನ್ನು ಅದೇ ಮನೆಯ ಬಸುರಿ ಸೊಸೆಗೂ ಒಗ್ಗುತ್ತದೆಂದು ಲೋಟ ಮುಂದೆ ಹಿಡಿಯುವುದು ತಪ್ಪು.

ನನಗೆ ನಿಜಕ್ಕೂ ಸಂಕಟವಾಗುವುದು ಮುಂದಿನ ಮಾತಿಗೆ: "ಪರೀಕ್ಷೆ ಹತ್ತಿರ ಬಂತು, ಮಗು ಓದಬೇಡವೇ?" ದ್ವಿತೀಯ ಪಿಯುಸಿ ಮಕ್ಕಳಿರುವ ಎಷ್ಟೋ ಮನೆಗಳಲ್ಲಿ ರಾತ್ರಿ ಹತ್ತೂವರೆಗೆ ಅಮ್ಮನೇ ಸ್ಟ್ರಾಂಗ್ ಕಾಫಿ ಮಾಡಿಕೊಡುತ್ತಾಳೆ. ಪ್ರೀತಿಯಿಂದಲೇ ಕೊಡುತ್ತಾಳೆ. ಆದರೆ ಹಗಲು ಓದಿದ್ದು ನೆನಪಿನಲ್ಲಿ ಗಟ್ಟಿಯಾಗುವುದು ನಿದ್ದೆಯಲ್ಲಿ. ಎರಡು ಗಂಟೆ ಹೆಚ್ಚು ಓದಿಸಲು ಹೋಗಿ, ಅದಕ್ಕೆ ಮೊದಲು ಓದಿದ್ದು ಕೂರುವ ಹೊತ್ತನ್ನೇ ಕಿತ್ತುಕೊಂಡಂತಾಗುತ್ತದೆ. ಮಾರನೇ ದಿನ ತೂಕಡಿಕೆ, ಅದಕ್ಕೆ ಮತ್ತೊಂದು ಲೋಟ. ಈಗಂತೂ ಕಾಲೇಜಿನ ಎದುರಿನ ಅಂಗಡಿಯಲ್ಲೇ ಎನರ್ಜಿ ಡ್ರಿಂಕ್ ಸಿಗುತ್ತದೆ. ನಮ್ಮ ಆಹಾರ ಸುರಕ್ಷತಾ ನಿಯಮದ ಪ್ರಕಾರ ಅದರಲ್ಲಿ ಲೀಟರಿಗೆ 145ರಿಂದ 300 ಮಿಲಿಗ್ರಾಂ ಕೆಫೀನ್ ಇರಬಹುದು, ಮಕ್ಕಳಿಗೆ ತಕ್ಕುದಲ್ಲ ಎಂದು ಲೇಬಲ್ಲಿನ ಮೇಲೆ ಬರೆದಿರಲೇಬೇಕು. ಆ ಸಾಲನ್ನು ಹುಡುಗರು ಓದುವುದಿಲ್ಲ; ದೊಡ್ಡವರಾದರೂ ಓದಿ ಹೇಳಬೇಕು.

ಕಾಫಿ ಬೆಳೆಗಾರರ ಹೊಟ್ಟೆಯ ಮೇಲೆ ಹೊಡೆಯುತ್ತಿದ್ದೇನೆ ಎಂಬ ಆರೋಪಕ್ಕೆ ಉತ್ತರ ಚಿಕ್ಕದು. ನಮ್ಮ ದೇಶದಲ್ಲಿ ಬೆಳೆಯುವ ಕಾಫಿಯ ಬಹುಪಾಲು ರಫ್ತಾಗುತ್ತದೆ. ಕೊಡಗು, ಚಿಕ್ಕಮಗಳೂರಿನ ತೋಟಗಳ ಕಷ್ಟ ಮಳೆಯದು, ಕೂಲಿಯಾಳಿನದು, ದರದ್ದು. ನಮ್ಮ ಸಂಜೆಯ ಲೋಟದ್ದಲ್ಲ.

"ಬಿಟ್ಟರೆ ತಲೆ ಸಿಡಿಯುತ್ತೆ" ಎನ್ನುವವರ ನೋವು ಸುಳ್ಳಲ್ಲ. ಕೆಫೀನ್ ಪೂರ್ತಿ ನಿಲ್ಲಿಸಿದವರಿಗೆ 12ರಿಂದ 24 ಗಂಟೆಯೊಳಗೆ ತಲೆನೋವು ಶುರುವಾಗಿ ಕೆಲವು ದಿನ, ಹೆಚ್ಚೆಂದರೆ ಒಂದು ವಾರದ ಮೇಲೆ ಒಂದೆರಡು ದಿನ ಕಾಡುತ್ತದೆ. ಆದ್ದರಿಂದ ಒಮ್ಮೆಲೇ ಬಿಡಬೇಡಿ. ಸಂಜೆಯದನ್ನು ಮೊದಲು ಅರ್ಧ ಲೋಟಕ್ಕೆ ಇಳಿಸಿ, ಆಮೇಲೆ ಹೊತ್ತನ್ನು ಹಿಂದಕ್ಕೆ ತನ್ನಿ. ತಲೆನೋವಿಗೆಂದು ಮಾತ್ರೆ ನುಂಗುವ ಮುನ್ನ ಪಟ್ಟಿಯ ಹಿಂಬದಿ ನೋಡಿ, ಕೆಲವು ಮಾತ್ರೆಗಳಲ್ಲೂ ಕೆಫೀನ್ ಸೇರಿಸಿರುತ್ತಾರೆ.

ಸಂಜೆ ಮನೆಗೆ ಬಂದವರಿಗೆ ಏನು ಕೊಡುವುದು ಎಂಬ ಪ್ರಶ್ನೆ ಉಳಿಯಿತು. ಮಲೆನಾಡು, ಕರಾವಳಿಯ ಮನೆಗಳಲ್ಲಿ ಕೊತ್ತಂಬರಿ ಬೀಜ, ಜೀರಿಗೆ ಹುರಿದು ಪುಡಿ ಮಾಡಿಟ್ಟ ಕಷಾಯದ ಡಬ್ಬಿ ಇರುತ್ತದೆ. ಹಾಲು, ಬೆಲ್ಲ ಹಾಕಿ ಬಿಸಿಬಿಸಿ ಕೊಟ್ಟರೆ ಯಾವ ನೆಂಟರೂ ಬೇಡ ಅನ್ನುವುದಿಲ್ಲ. ಗ್ರೀನ್ ಟೀ ಕೊಡುತ್ತೇನೆ ಎನ್ನುವವರು ಮಾತ್ರ ಗಮನಿಸಿ: ಅದೂ ಅದೇ ಟೀ ಗಿಡದ ಎಲೆ, ಅದರಲ್ಲೂ ಕೆಫೀನ್ ಇದೆ.