ಸಾವಿಲ್ಲದ ಅಪಘಾತಗಳು ಕಲಿಸುವ ಪಾಠ

ಯಾರೂ ಸಾಯದ ವಿಮಾನ ಅಪಘಾತ ನಮ್ಮಲ್ಲಿ ಎರಡು ದಿನದ ಸುದ್ದಿ. 2023ರಲ್ಲಿ ಅಂಥ ಎರಡು ಘಟನೆಗಳು ಸುಮಾರು ಎರಡು ತಿಂಗಳ ಅಂತರದಲ್ಲಿ ನಡೆದವು. ಜುಲೈ 11ರಂದು ಬೆಂಗಳೂರಿನ ಎಚ್‌ಎಎಲ್ ನಿಲ್ದಾಣದಲ್ಲಿ ಸಣ್ಣ ಜೆಟ್ ವಿಮಾನವೊಂದು ಮೂತಿಯ ಚಕ್ರ ಹೊರಬಾರದ ಸ್ಥಿತಿಯಲ್ಲೇ ಇಳಿಯಬೇಕಾಯಿತು. ಇಬ್ಬರು ಪೈಲಟ್‌ಗಳೂ ಪಾರಾದರು. ಸೆಪ್ಟೆಂಬರ್ 14ರಂದು ವಿಶಾಖಪಟ್ಟಣದಿಂದ ಬಂದ ಲಿಯರ್‌ಜೆಟ್ ವಿಮಾನವು ಮುಂಬೈಯಲ್ಲಿ ಭಾರಿ ಮಳೆಯ ನಡುವೆ ಇಳಿಯುವಾಗ ರನ್‌ವೇಯಿಂದ ಪಕ್ಕಕ್ಕೆ ಸರಿದು ಮುರಿದುಬಿತ್ತು. ಅದರಲ್ಲಿದ್ದ 8 ಮಂದಿಯೂ ಬದುಕುಳಿದರು. ಅದೃಷ್ಟವನ್ನು ಕೊಂಡಾಡಿ ನಾವು ಮರೆತೆವು. ಸಾರ್ವಜನಿಕ ನೀತಿಯ ದೃಷ್ಟಿಯಿಂದ ಈ ಮರೆವು ಬಲು ದುಬಾರಿ.

ವಿಮಾನ ನೆಲ ಮುಟ್ಟಿತೆಂದರೆ ಅಪಾಯ ಮುಗಿಯಿತೆಂದು ಪ್ರಯಾಣಿಕರು ಭಾವಿಸುವುದು ಸಹಜ. ವಾಸ್ತವ ಬೇರೆ. ವೇಗವಿರುವಷ್ಟು ಹೊತ್ತು ಬಾಲದ ಚುಕ್ಕಾಣಿಯ ಮೇಲೆ ಹಾಯುವ ಗಾಳಿಯೇ ವಿಮಾನವನ್ನು ನೇರವಾಗಿ ಹಿಡಿದಿಡುತ್ತದೆ. ವೇಗ ಕುಗ್ಗಿದಂತೆ ಆ ಹಿಡಿತ ಸಡಿಲಗೊಂಡು, ಹೊಣೆ ಮೂತಿಯ ಚಕ್ರಕ್ಕೂ ಬ್ರೇಕುಗಳಿಗೂ ವರ್ಗಾವಣೆಯಾಗುತ್ತದೆ. ಈ ಹಸ್ತಾಂತರದ ಕೆಲವೇ ಕ್ಷಣಗಳಲ್ಲಿ ಅಡ್ಡಗಾಳಿ ಬಾಲವನ್ನು ತಳ್ಳಿದರೆ, ಇಲ್ಲವೇ ನಿಂತ ನೀರು ಟೈರನ್ನು ನೆಲದಿಂದ ಎತ್ತಿ ಹಿಡಿದರೆ, ವಿಮಾನ ದಿಕ್ಕು ತಪ್ಪುತ್ತದೆ. ಬಾಲದಡಿ ಪುಟ್ಟ ಚಕ್ರವಿರುವ ಹಳೆಯ ಮಾದರಿಗಳಲ್ಲಂತೂ ಭಾರದ ಕೇಂದ್ರವು ಮುಖ್ಯ ಚಕ್ರಗಳ ಹಿಂದಿರುವುದರಿಂದ, ಒಮ್ಮೆ ಆರಂಭವಾದ ತಿರುವು ತಾನಾಗಿಯೇ ಹೆಚ್ಚುತ್ತ ಹೋಗುತ್ತದೆ.

ಆದ್ದರಿಂದ ‘ಪೈಲಟ್ ದಿಕ್ಕಿನ ನಿಯಂತ್ರಣ ಕಳೆದುಕೊಂಡರು’ ಎಂಬ ಷರಾದೊಂದಿಗೆ ಕಡತ ಮುಚ್ಚುವುದು ಸರಿಯಲ್ಲ. ಗಾಳಿಯ ಮಾಹಿತಿ ಸಕಾಲದಲ್ಲಿ ದೊರೆತಿತ್ತೆ? ಅಡ್ಡಗಾಳಿಯಲ್ಲಿ ಇಳಿಯುವ ಅಭ್ಯಾಸ ಸಾಕಷ್ಟಿತ್ತೆ? ಇಳಿಯದೆ ಮತ್ತೆ ಮೇಲೇರುವ ನಿರ್ಧಾರಕ್ಕೆ ಮಾಲೀಕರ ಒತ್ತಡ ಅಡ್ಡಬಂದಿತ್ತೆ? ವಿಚಾರಣೆ ಆರಂಭವಾಗಬೇಕಾದದ್ದು ಇಲ್ಲಿಂದ. ಅಪಘಾತ ತನಿಖೆಯ ಏಕೈಕ ಉದ್ದೇಶ ಮುಂದಿನ ಅಪಘಾತವನ್ನು ತಡೆಯುವುದು, ತಪ್ಪು ಹೊರಿಸುವುದಲ್ಲ ಎಂದು ಅಂತರರಾಷ್ಟ್ರೀಯ ನಾಗರಿಕ ವಿಮಾನಯಾನ ಸಂಸ್ಥೆಯ 13ನೇ ಅನುಬಂಧ ಸ್ಪಷ್ಟವಾಗಿಯೇ ಹೇಳುತ್ತದೆ.

ಇದರಲ್ಲೊಂದು ಅರ್ಥಶಾಸ್ತ್ರವೂ ಇದೆ. ತನ್ನ ವಿಮಾನ ಜಾರಿದ್ದನ್ನು ಬಹಿರಂಗಪಡಿಸುವ ಸಂಸ್ಥೆ ನಷ್ಟವನ್ನೆಲ್ಲ ತಾನೇ ಹೊರುತ್ತದೆ: ಹೆಸರು ಕೆಡುತ್ತದೆ, ವಿದ್ಯಾರ್ಥಿಗಳೂ ಗಿರಾಕಿಗಳೂ ದೂರವಾಗುತ್ತಾರೆ. ಅದರಿಂದ ದೊರೆಯುವ ಪಾಠದ ಲಾಭವಾದರೋ ಪ್ರತಿಸ್ಪರ್ಧಿಗಳೂ ಸೇರಿದಂತೆ ಎಲ್ಲರಿಗೂ ಉಚಿತ. ಇಂಥ ಜ್ಞಾನವನ್ನು ಮಾರುಕಟ್ಟೆ ತಾನಾಗಿ ಒದಗಿಸದು; ಬೀದಿದೀಪದಂತೆ ಅದನ್ನು ಸರ್ಕಾರವೇ ಒದಗಿಸಬೇಕು.

ಅಮೆರಿಕ ಈ ತತ್ವವನ್ನು ಬಹಳ ಹಿಂದೆಯೇ ಅರಿತಿತು. ಅಲ್ಲಿನ ರಾಷ್ಟ್ರೀಯ ಸಾರಿಗೆ ಸುರಕ್ಷತಾ ಮಂಡಳಿಯ ಸಾರ್ವಜನಿಕ ದಾಖಲೆಗಳು 1962ರಷ್ಟು ಹಿಂದಕ್ಕೆ ಹೋಗುತ್ತವೆ. ಒಬ್ಬನೇ ಪೈಲಟ್ ಪುಟ್ಟ ವಿಮಾನವನ್ನು ಹುಲ್ಲಿನ ಮೇಲೆ ಜಾರಿಸಿದ ಪ್ರಕರಣಗಳೂ ಅವುಗಳಲ್ಲಿವೆ. 1976ರಿಂದ ನಾಸಾ ನಡೆಸುತ್ತಿರುವ ಗೋಪ್ಯ ವರದಿ ವ್ಯವಸ್ಥೆಯಲ್ಲಿ, ಅಪಘಾತದವರೆಗೆ ಹೋಗದ ಅನುದ್ದಿಷ್ಟ ತಪ್ಪನ್ನು 10 ದಿನಗಳೊಳಗೆ ತಿಳಿಸಿದವರು ಸಾಮಾನ್ಯವಾಗಿ ದಂಡನೆಯಿಂದ ಪಾರಾಗುತ್ತಾರೆ.

ನಮ್ಮಲ್ಲಿ ವಿಮಾನ ಅಪಘಾತ ತನಿಖಾ ಬ್ಯೂರೊ ಅಸ್ತಿತ್ವಕ್ಕೆ ಬಂದದ್ದು 2012ರಲ್ಲಿ. ಈಗ ಹೊಣೆ ಇನ್ನೂ ಹೆಚ್ಚಿದೆ. ಬೆಳಗಾವಿ, ಕಲಬುರಗಿ ಸೇರಿದಂತೆ ಐದು ನಿಲ್ದಾಣಗಳಲ್ಲಿ ಹಾರಾಟ ಶಾಲೆಗಳಿಗೆ 2021ರಲ್ಲಿ ಅವಕಾಶ ನೀಡಲಾಯಿತು. ಕಲಿಯುವವರು ಹೆಚ್ಚಿದಲ್ಲಿ ಎಡವುವವರೂ ಹೆಚ್ಚುವುದು ಸಹಜ. ಆದಷ್ಟು 12 ತಿಂಗಳೊಳಗೆ ಅಂತಿಮ ವರದಿ, ಇಲ್ಲವಾದರೆ ಪ್ರತಿ ವರ್ಷ ಮಧ್ಯಂತರ ಹೇಳಿಕೆ ಎಂಬ 13ನೇ ಅನುಬಂಧದ ನಿಯಮವನ್ನು ಸಣ್ಣ ಪ್ರಕರಣಗಳಿಗೂ ಅನ್ವಯಿಸಬೇಕು. ಆ ವರದಿಗಳನ್ನು ಪ್ರತಿಯೊಂದು ಹಾರಾಟ ಶಾಲೆಯ ಪಠ್ಯದಲ್ಲಿ ಸೇರಿಸಬೇಕು. ಇದಕ್ಕೆ ತಗಲುವ ವೆಚ್ಚ ಅತ್ಯಲ್ಪ. ದೊಡ್ಡ ದುರಂತವೂ ಇದೇ ಪಾಠವನ್ನು ಕಲಿಸುತ್ತದೆ. ಆದರೆ ಅದಕ್ಕೆ ತೆರಬೇಕಾದ ಬೆಲೆಯನ್ನು ಯಾವ ಆಯವ್ಯಯ ಪತ್ರದಲ್ಲಿಯೂ ನಮೂದಿಸಲಾಗದು.